ಜಾತಿನಾಯಿಗಳ ಪೂರ್ವಾಪರ

ನಿವೃತ್ತನಾದ ಮೇಲೆ ನನ್ನ ಹಳೆಯ ವಿದ್ಯಾರ್ಥಿಗಳು ದೂರವಾಣಿಯಲ್ಲಿ ಕೇಳುವ ಪ್ರಶ್ನೆಗಳ ಸ್ವರೂಪವೇ ಬದಲಾಗಿದೆ. ಮಕ್ಕಳನ್ನು ಯಾವ ಶಾಲೆಗೆ ಸೇರಿಸಬೇಕು, ಕನ್ನಡ ಮಾಧ್ಯಮವೋ ಇಂಗ್ಲಿಷ್ ಮಾಧ್ಯಮವೋ ಎಂದು ಒಂದು ಕಾಲಕ್ಕೆ ಕೇಳುತ್ತಿದ್ದವರು, ಆ ಮಕ್ಕಳು ದೊಡ್ಡವರಾದ ಮೇಲೆ, ಮನೆಗೆ ಯಾವ ತಳಿಯ ನಾಯಿಮರಿ ತಂದರೆ ಒಳ್ಳೆಯದು ಎಂದು ಕೇಳತೊಡಗಿದ್ದಾರೆ. ನಾನು ಪಶುವೈದ್ಯನಲ್ಲ, ಮೂರು ದಶಕಗಳ ಕಾಲ ಪ್ರೌಢಶಾಲೆಯಲ್ಲಿ ಇತಿಹಾಸ ಹೇಳಿದವನು. ಆದರೂ ಈ ಪ್ರಶ್ನೆಗೆ ಉತ್ತರಿಸುವ ಅಧಿಕಾರ ಇತಿಹಾಸದ ಮೇಷ್ಟರಿಗೂ ಒಂದಿಷ್ಟು ಇದೆಯೆಂದು ನನ್ನ ನಂಬಿಕೆ. ಒಂದು ತಳಿಯ ಚಾಳಿಗಳೆಂದು ನಾವು ಯಾವುದನ್ನು ಕರೆಯುತ್ತೇವೆಯೋ ಅವುಗಳಲ್ಲಿ ಬಹುಪಾಲು, ಆ ನಾಯಿಯ ಪೂರ್ವಿಕರು ಹೊಟ್ಟೆಪಾಡಿಗಾಗಿ ಮಾಡುತ್ತಿದ್ದ ಕೆಲಸದ ಉಳಿಕೆಗಳು. ಕೆಲಸ ನಿಂತುಹೋಗಿದೆ, ಚಾಳಿ ಉಳಿದಿದೆ. ಹುಡುಗಿ ನೋಡಲು ಹೋಗುವ ಮುನ್ನ ಮನೆತನದ ಪೂರ್ವಾಪರ ವಿಚಾರಿಸುವ ನಮ್ಮ ಜನ, ಹತ್ತು ಹದಿನೈದು ವರ್ಷ ಮನೆಯಲ್ಲೇ ಇರಬೇಕಾದ ಪ್ರಾಣಿಯ ಪೂರ್ವಾಪರ ವಿಚಾರಿಸದೆ, ಬಣ್ಣ ನೋಡಿ ಹಣ ಎಣಿಸಿಕೊಟ್ಟು ಬರುತ್ತಾರೆ.

ಮೊದಲಿಗೆ ನಮ್ಮ ಭಾಷೆಯ ಒಂದು ಪದವನ್ನು ಗಮನಿಸಿ. ಬೆಲೆ ಕೊಟ್ಟು ತರುವ ನಾಯಿಯನ್ನು ನಾವು 'ಜಾತಿನಾಯಿ' ಎನ್ನುತ್ತೇವೆ. ಬೀದಿಯಲ್ಲಿ ಬೆಳೆದದ್ದು 'ಕಂತ್ರಿ ನಾಯಿ'. ಇಂಗ್ಲಿಷಿನ ಕಂಟ್ರಿ ಎಂಬ ಪದವೇ ನಮ್ಮ ಬಾಯಲ್ಲಿ ಕಂತ್ರಿಯಾಯಿತೆಂದು ಹೇಳುವುದುಂಟು. ಅದು ನಿಜವಾದರೆ, ತನ್ನ ದೇಶದ್ದು ಎಂಬುದೇ ಬೈಗುಳವಾದ ವಿಚಿತ್ರ ಪ್ರಸಂಗವಿದು. ಮನುಷ್ಯರ ವಿಷಯದಲ್ಲಿ ಜಾತಿಯ ಮಾತೆತ್ತಲು ನಾಚುವ ವಿದ್ಯಾವಂತರೂ ನಾಯಿಯ ವಿಷಯದಲ್ಲಿ 'ಶುದ್ಧ ಜಾತಿಯದು, ಕಾಗದಪತ್ರ ಇದೆ' ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಈ ಶುದ್ಧಿಯ ಕಲ್ಪನೆ ಎಷ್ಟು ಹಳೆಯದು? ನೀವು ಊಹಿಸುವುದಕ್ಕಿಂತ ಬಹಳ ಈಚಿನದು.

ನಮ್ಮ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ವೀರಗಲ್ಲೊಂದಿದೆ. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ತರಗತಿಯಲ್ಲಿ ನನ್ನಿಂದ ಪಾಠ ಕೇಳಿದವರಿಗೆ ಅದರ ನೆನಪಿರಬಹುದು. ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯನನ್ನು ಕೊಂದ ಗಂಗರ ಇಮ್ಮಡಿ ಬೂತುಗನು ತನ್ನ ಪರಾಕ್ರಮಿ ಭಟ ಮಣಲೇರನಿಗೆ ಮೆಚ್ಚಿ, ಬೇಕಾದುದನ್ನು ಕೇಳು ಎಂದಾಗ, ಮಣಲೇರನು ಊರನ್ನೂ ಕೇಳಲಿಲ್ಲ, ಹೊನ್ನನ್ನೂ ಕೇಳಲಿಲ್ಲ. ಅರಸನ ಬೇಟೆನಾಯಿ ಕಾಳಿಯನ್ನು ಕೇಳಿದನು. ಆ ಕಾಳಿ ಮುಂದೆ ದೊಡ್ಡದೊಂದು ಕಾಡುಹಂದಿಯ ಮೇಲೆ ಬಿದ್ದು, ಎರಡೂ ಒಂದರೊಡನೊಂದು ಹೋರಾಡಿ ಸತ್ತವು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಕಾಲ ಕ್ರಿ.ಶ. 950ರ ಸುಮಾರು. ಕಲ್ಲಿನ ಮೇಲೆ ನಾಯಿ, ಹಂದಿಗಳ ಕಾಳಗದ ಕೆತ್ತನೆಯಿದೆ.

ನನ್ನ ಮನಸ್ಸಿನಲ್ಲಿ ಉಳಿದಿರುವುದು ಆ ಶಾಸನದಲ್ಲಿ ಇಲ್ಲದ ಒಂದು ಸಂಗತಿ. ಕಾಳಿಯ ಹೆಸರಿದೆ, ಅದು ಮಾಡಿದ ಕೆಲಸವಿದೆ, ಅದರ ಸಾವಿದೆ. ಅದರ ಜಾತಿ ಇಲ್ಲ. ಯಾವ ತಾಯಿಗೆ ಹುಟ್ಟಿದ್ದು, ಯಾವ ಸೀಮೆಯಿಂದ ತಂದದ್ದು ಎಂಬ ಮಾತಿಲ್ಲ. ಹಿಂದಿನವರಿಗೆ ನಾಯಿಗಳಲ್ಲಿನ ಭೇದ ತಿಳಿದಿರಲಿಲ್ಲವೆಂದು ಇದರ ಅರ್ಥವಲ್ಲ. ಕಲ್ಯಾಣದ ಚಾಳುಕ್ಯ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಸಾರಮೇಯವಿನೋದ ಎಂಬ ಭಾಗವೇ ಇದ್ದು, ಅಲ್ಲಿ ಬೇಟೆನಾಯಿಗಳ ವಿಚಾರ ಬರುತ್ತದೆ. ಆದರೆ ಭೇದವೆಲ್ಲ ಕೆಲಸದ್ದು. ಮೊಲ ಓಡಿಸುವುದು, ಹಂದಿ ಹಿಡಿಯುವುದು, ಕುರಿ ಕಾಯುವುದು, ಮನೆ ಕಾಯುವುದು. ಕೆಲಸ ಬಲ್ಲ ನಾಯಿಗೂ ಕೆಲಸ ಬಲ್ಲ ನಾಯಿಗೂ ಹುಟ್ಟಿದ ಮರಿಗಳಲ್ಲಿ ಚುರುಕಾದುದನ್ನು ಉಳಿಸಿಕೊಳ್ಳುತ್ತಿದ್ದರು. ಲೋಕದ ಎಲ್ಲ ಕಡೆಯೂ ಹೆಚ್ಚುಕಡಿಮೆ ಹೀಗೆಯೇ ನಡೆದುಬಂದಿತ್ತು.

ಇದು ಬದಲಾದದ್ದು ಇಂಗ್ಲೆಂಡಿನಲ್ಲಿ. 1859ರ ಜೂನ್ ತಿಂಗಳಿನಲ್ಲಿ ನ್ಯೂಕಾಸಲ್ ಪಟ್ಟಣದಲ್ಲಿ ಒಂದು ನಾಯಿ ಪ್ರದರ್ಶನ ನಡೆಯಿತು. ಪಾಯಿಂಟರ್, ಸೆಟರ್ ಎಂಬ ಎರಡು ಬಗೆಯ ಬೇಟೆನಾಯಿಗಳಿಗೆ ಮಾತ್ರ ಪ್ರವೇಶ; ಬಹುಮಾನ ಬಂದೂಕು. ಪಾಯಿಂಟರ್‌ಗಳಲ್ಲಿ ಗೆದ್ದ ನಾಯಿಯ ಯಜಮಾನ ಸೆಟರ್‌ಗಳ ತೀರ್ಪುಗಾರನಾಗಿದ್ದನು, ಸೆಟರ್‌ಗಳಲ್ಲಿ ಗೆದ್ದ ನಾಯಿಯ ಯಜಮಾನ ಪಾಯಿಂಟರ್‌ಗಳ ತೀರ್ಪುಗಾರನಾಗಿದ್ದನು ಎಂದು ದಾಖಲಾಗಿದೆ. (ನಮ್ಮ ಅಂತರಶಾಲಾ ಸ್ಪರ್ಧೆಗಳನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು.) ಅದೇ ವರ್ಷದ ನವೆಂಬರಿನಲ್ಲಿ ಡಾರ್ವಿನ್ನನ ಜೀವಿಗಳ ಉಗಮದ ಗ್ರಂಥ ಪ್ರಕಟವಾಯಿತು. 1873ರಲ್ಲಿ ಲಂಡನ್ನಿನಲ್ಲಿ ಕೆನಲ್ ಕ್ಲಬ್ ಸ್ಥಾಪನೆಯಾಗಿ, ನಾಯಿಗಳ ವಂಶಾವಳಿಯನ್ನು ಪುಸ್ತಕದಲ್ಲಿ ಬರೆದಿಡುವ ಪದ್ಧತಿ ನೆಲೆಗೊಂಡಿತು. ಒಂದೊಂದು ತಳಿಗೂ ಕಿವಿ ಹೀಗಿರಬೇಕು, ಬಾಲ ಹೀಗಿರಬೇಕು, ಬಣ್ಣ ಇಂತಹದಾಗಿರಬೇಕು ಎಂಬ ಲಕ್ಷಣಗ್ರಂಥಗಳು ಹುಟ್ಟಿದವು. ಪುಸ್ತಕದೊಳಗಿನ ನಾಯಿಗೆ ಪುಸ್ತಕದೊಳಗಿನ ನಾಯಿಯೊಡನೆಯೇ ಸಂಬಂಧ ಬೆಳೆಸಬೇಕು. ನಾಯಿ ಏನು ಮಾಡಬಲ್ಲದು ಎಂಬುದಕ್ಕಿಂತ ಹೇಗೆ ಕಾಣುತ್ತದೆ ಎಂಬುದಕ್ಕೆ ಬೆಲೆ ಬಂತು. ಇಂದು ನಾವು 'ಪ್ರಾಚೀನ ಶುದ್ಧ ತಳಿ' ಎಂದು ಭಾವಿಸುವ ಬಹುತೇಕ ನಾಯಿಗಳು ಈಗಿರುವ ರೂಪ ಪಡೆದದ್ದು ಈ ನೂರೈವತ್ತು ಅರವತ್ತು ವರ್ಷಗಳಲ್ಲಿ. ಜಾತಿ ನಮ್ಮಿಂದ ಅವರಿಗೆ ಹೋಯಿತೋ ಅವರಿಂದ ಮರಳಿ ನಮಗೆ ಬಂತೋ ಎಂದು ನಾನು ತರಗತಿಯಲ್ಲಿ ನಗೆಯಾಡುತ್ತಿದ್ದುದುಂಟು.

ನಮ್ಮ ಕಡೆ ನಾಯಿ ಮನೆಯೊಳಗೆ ಬಂದದ್ದು ಇನ್ನೂ ತಡವಾಗಿ. ನನ್ನ ಬಾಲ್ಯದ ಮನೆಯಲ್ಲಿ ನಾಯಿ ಇತ್ತು. ಆದರೆ ಅದರ ಸ್ಥಾನ ಜಗಲಿಯ ಕೆಳಗೆ. ಉಳಿದ ಮುದ್ದೆ, ಮಜ್ಜಿಗೆ ಅದರ ಪಾಲು. ಕಣ ಕಾಯುವುದು, ರಾತ್ರಿ ಹೊಸಬರು ಬಂದರೆ ಬೊಗಳುವುದು ಅದರ ಕೆಲಸ. ಹೊಸ್ತಿಲು ದಾಟಿದರೆ ಅಜ್ಜಿಯ ಕೈಯ ಕೊಳ್ಳಿ ಬೀಳುತ್ತಿತ್ತು. ಇದಕ್ಕೆ ಮಡಿಮೈಲಿಗೆಯೊಂದೇ ಕಾರಣವೆಂದು ಹಲವರು ತಿಳಿದಿದ್ದಾರೆ. ಅದಕ್ಕಿಂತ ಬಲವಾದ ಕಾರಣ ಹುಚ್ಚುನಾಯಿಯ ಭಯ. ಪಾಶ್ಚರನು 1885ರಲ್ಲಿ ಹುಚ್ಚುನಾಯಿ ಕಡಿತಕ್ಕೆ ಚುಚ್ಚುಮದ್ದು ಪ್ರಯೋಗಿಸಿದನು. ದಕ್ಷಿಣ ಭಾರತದಲ್ಲಿ ಅದಕ್ಕಾಗಿ ಕೂನೂರಿನಲ್ಲಿ 1907ರಲ್ಲಿ ಸಂಸ್ಥೆಯೊಂದು ಆರಂಭವಾಯಿತು. ಆದರೆ ನಮ್ಮ ಕಾಲದ ಚುಚ್ಚುಮದ್ದೆಂದರೆ ಹೊಕ್ಕುಳ ಸುತ್ತ ದಿನಕ್ಕೊಂದರಂತೆ ಹದಿನಾಲ್ಕು. ನನ್ನ ಜೊತೆಯ ಹುಡುಗನೊಬ್ಬನು ಅದನ್ನು ಹಾಕಿಸಿಕೊಳ್ಳಲು ದಿನವೂ ಗಾಡಿಯಲ್ಲಿ ತಾಲ್ಲೂಕು ಆಸ್ಪತ್ರೆಗೆ ಹೋಗಿ ಬರುತ್ತಿದ್ದುದನ್ನು ಕಂಡ ನಾವಾರೂ ಅನೇಕ ತಿಂಗಳು ನಾಯಿಯ ತಲೆ ಸವರಲಿಲ್ಲ. ತೋಳಿಗೆ ಹಾಕುವ ಹೊಸ ಬಗೆಯ ಲಸಿಕೆ ಬಂದು, ಆ ಹಳೆಯ ಲಸಿಕೆಯನ್ನು ದೇಶದಲ್ಲಿ ಕೈಬಿಟ್ಟದ್ದು 2004ರ ಕೊನೆಗೆ. ನಾಯಿಗೂ ವರ್ಷ ವರ್ಷ ಲಸಿಕೆ ಹಾಕಿಸುವ ರೂಢಿ ಬಂದ ಮೇಲೆಯೇ ನಮ್ಮ ಮಧ್ಯಮವರ್ಗದ ಸೋಫಾದ ಮೇಲೆ ನಾಯಿ ಏರಿದ್ದು. (ಇಷ್ಟು ಹೇಳಿದ ಮೇಲೆ ಇದನ್ನೂ ಹೇಳಬೇಕು: ಯಾವ ನಾಯಿ ಕಚ್ಚಿದರೂ, ಸಾಕಿದ್ದೇ ಆಗಿರಲಿ, ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ ಹದಿನೈದು ನಿಮಿಷ ತೊಳೆದು ಕೂಡಲೇ ವೈದ್ಯರ ಬಳಿಗೆ ಹೋಗಿರಿ. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗಕ್ಕೆ ಇಂದಿಗೂ ಮದ್ದಿಲ್ಲ.)

ಊರಿನಲ್ಲಿ ನಾನು ಕಂಡ ಮೊದಲ ಜಾತಿನಾಯಿ ಅಲ್ಸೇಷಿಯನ್. ಎಂಜಿನಿಯರರ ಬಂಗಲೆಯ ಗೇಟಿಗೆ 'ನಾಯಿ ಇದೆ ಎಚ್ಚರಿಕೆ' ಎಂಬ ಫಲಕ; ಒಳಗೆ ತೋಳದಂತಹ ಪ್ರಾಣಿ. ಈ ನಾಯಿಯ ಕತೆ ಯುರೋಪಿನ ಇತಿಹಾಸವನ್ನೇ ಹೇಳುತ್ತದೆ. ಜರ್ಮನಿಯ ಸೇನಾಧಿಕಾರಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ 1899ರಲ್ಲಿ ಒಂದು ಕುರಿನಾಯಿಯನ್ನು ಕೊಂಡು, ಅದಕ್ಕೆ ಹೋರಾಂಡ್ ಎಂದು ಹೆಸರಿಟ್ಟು, ಅದೇ ವರ್ಷ ಸಂಘವೊಂದನ್ನು ಕಟ್ಟಿ, ಅದರಿಂದ ತಳಿ ಬೆಳೆಸಿದನು. ರೂಪಕ್ಕಿಂತ ಉಪಯೋಗ ಮುಖ್ಯವೆಂದು ಅವನ ಹಟ. ಕುರಿ ಕಾಯುವ ಕೆಲಸ ಕಡಿಮೆಯಾದಂತೆ ಪೊಲೀಸಿಗೆ, ಸೇನೆಗೆ ಈ ನಾಯಿಯನ್ನು ಒಪ್ಪಿಸಿದನು. ಒಂದನೆಯ ಮಹಾಯುದ್ಧದಲ್ಲಿ ಅದು ಕಂದಕಗಳ ನಡುವೆ ಸಂದೇಶ ಒಯ್ದಿತು. 1916ರಲ್ಲಿ ಓಲ್ಡನ್‌ಬುರ್ಗಿನಲ್ಲಿ, ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗೆ ದಾರಿ ತೋರುವ ನಾಯಿಗಳ ಶಾಲೆ ಆರಂಭವಾಯಿತು. ಯುದ್ಧ ಮುಗಿದಾಗ ಬ್ರಿಟನ್ನಿನಲ್ಲಿ ಜರ್ಮನ್ ಎಂಬ ಹೆಸರೇ ಯಾರಿಗೂ ಬೇಡವಾಗಿತ್ತು. ಆದ್ದರಿಂದ ಜರ್ಮನ್ ಷೆಫರ್ಡ್ ಅಲ್ಲಿ ಅಲ್ಸೇಷಿಯನ್ ಆಯಿತು. ಬ್ರಿಟಿಷರ ಕೆನಲ್ ಕ್ಲಬ್ ಮೂಲ ಹೆಸರನ್ನು ಮರಳಿ ಒಪ್ಪಿದ್ದು 1977ರಲ್ಲಿ. ನಮ್ಮ ಹಿರಿಯರ ಬಾಯಲ್ಲಿ ಇಂದಿಗೂ ಉಳಿದಿರುವ ಅಲ್ಸೇಷಿಯನ್ ಎಂಬ ಪದ ಆ ಹಳೆಯ ಹಗೆತನದ ಪಳೆಯುಳಿಕೆ.

ಮನೆಯ ನಾಯಿಯಾಗಿ ಇದು ಹೇಗೆ? ದಿನವಿಡೀ ಕುರಿಮಂದೆಯ ಸುತ್ತ ಸುತ್ತಿ ಒಂದು ಕುರಿಯೂ ಅಂಚು ದಾಟದಂತೆ ನೋಡಿಕೊಳ್ಳುವುದು ಅದರ ಪೂರ್ವಿಕರ ವೃತ್ತಿ. ಹಾಗಾಗಿ ಮನೆಯ ಜನರನ್ನು ಅದು ಮಂದೆಯಂತೆ ಎಣಿಸುತ್ತದೆ. ಸಂಜೆ ಎಲ್ಲರೂ ಮನೆ ಸೇರುವವರೆಗೂ ಗೇಟಿನ ಬಳಿ ಕುಳಿತಿರುತ್ತದೆ. ಮಕ್ಕಳು ಬೀದಿಗೆ ಓಡಿದರೆ ಅಡ್ಡ ಬರುತ್ತದೆ. ಕಲಿಸಿದರೆ ಕಲಿಯುತ್ತದೆ, ಕೆಲಸ ಕೊಡದಿದ್ದರೆ ಕೆಡುತ್ತದೆ. ನಮ್ಮ ಒಳ್ಳೆಯ ವಿದ್ಯಾರ್ಥಿಗಳ ಹಾಗೆಯೇ. ಇನ್ನು ಪ್ರದರ್ಶನದ ಕಣ್ಣಿಗಾಗಿ ಬೆನ್ನನ್ನು ಇಳಿಜಾರಾಗಿ ಬೆಳೆಸಿದ ನಾಯಿಗಳಲ್ಲಿ ಸೊಂಟದ ಕೀಲಿನ ತೊಂದರೆ ಹೆಚ್ಚು. ಸ್ಟೆಫಾನಿಟ್ಸ್ ಬದುಕಿದ್ದರೆ ಕೋಪಗೊಳ್ಳುತ್ತಿದ್ದನು. ಡಾಬರ್‌ಮನ್ ಕೂಡ ಜರ್ಮನಿಯದೇ. ಆಪೋಲ್ಡಾ ಊರಿನಲ್ಲಿ ತೆರಿಗೆ ವಸೂಲಿ ಮಾಡುತ್ತ, ಬಿಡಾಡಿ ನಾಯಿಗಳ ದೊಡ್ಡಿಯನ್ನೂ ನೋಡಿಕೊಳ್ಳುತ್ತಿದ್ದ ಲೂಯಿ ಡಾಬರ್‌ಮನ್ ತನ್ನ ಜೀವರಕ್ಷಣೆಗಾಗಿ ರೂಪಿಸಿಕೊಂಡದ್ದು. ತೆರಿಗೆಯವನ ಹಿಂದೆ ನಡೆಯುವ ನಾಯಿ ಅಪರಿಚಿತರನ್ನು ನಂಬದಿರುವುದು ಸಹಜವಷ್ಟೆ.

ಅಲ್ಸೇಷಿಯನ್ ಬಂಗಲೆಯವರಿಗಾದರೆ, 1980, 90ರ ದಶಕಗಳಲ್ಲಿ ಗುಮಾಸ್ತರ, ಮೇಷ್ಟರ, ಬ್ಯಾಂಕಿನವರ ಮನೆಗಳಿಗೆ ಬಂದದ್ದು ಬಿಳಿಯ ಕೂದಲಿನ 'ಪಾಮೇರಿಯನ್'. ನಮ್ಮ ನೆಂಟರಿಷ್ಟರಲ್ಲಿ ಇದನ್ನು ಸಾಕದ ಮನೆ ಕಡಿಮೆ. ಹೆಸರು ಪಿಂಕಿ ಅಥವಾ ಸ್ನೋಯಿ. ವಾಸ್ತವವಾಗಿ ಅವುಗಳಲ್ಲಿ ಹೆಚ್ಚಿನವು ಪಾಮೇರಿಯನ್ ಅಲ್ಲ, ಇಂಡಿಯನ್ ಸ್ಪಿಟ್ಜ್ ಎಂದು ಕರೆಯಲಾಗುವ, ನಮ್ಮ ಹವೆಗೆ ಒಗ್ಗಿದ ಬೇರೆ ನಾಯಿ. ನಿಜವಾದ ಪಾಮೇರಿಯನ್ ಬಾಲ್ಟಿಕ್ ಸಮುದ್ರತೀರದ ಪಾಮರೇನಿಯಾ ಸೀಮೆಯದು; ಅದರ ಮೂಲ ಹಿಮನಾಡಿನ ದೊಡ್ಡ ನಾಯಿಗಳಲ್ಲಿದೆ. ವಿಕ್ಟೋರಿಯಾ ರಾಣಿಯು 1888ರಲ್ಲಿ ಇಟಲಿಯ ಫ್ಲಾರೆನ್ಸಿಗೆ ಹೋಗಿದ್ದಾಗ ಸಣ್ಣ ಗಾತ್ರದ ಒಂದನ್ನು ಮೆಚ್ಚಿ ತಂದಳು. ರಾಣಿ ಸಾಕಿದ್ದು ಸಣ್ಣದು ಎಂದಮೇಲೆ ಜನಕ್ಕೆಲ್ಲ ಸಣ್ಣದೇ ಬೇಕಾಯಿತು. ಕೆಲವೇ ದಶಕಗಳಲ್ಲಿ ತಳಿ ಕುಗ್ಗಿ ಮಡಿಲಿಗೆ ಬಂತು. 1901ರಲ್ಲಿ ರಾಣಿ ಕೊನೆಯುಸಿರೆಳೆಯುವಾಗ ಅವಳ ಹಾಸಿಗೆಯ ಮೇಲೆ ಟೂರಿ ಎಂಬ ಪಾಮೇರಿಯನ್ ಇತ್ತು. ದೇಹ ಕುಗ್ಗಿದರೂ ಹಿಮನಾಡಿನ ಕಾವಲುಗಾರನ ಗಂಟಲು ಕುಗ್ಗಿಲ್ಲ. ಹಾಲಿನವನಿಗೆ, ಅಂಚೆಯವನಿಗೆ, ನೆರೆಮನೆಯ ಕುಕ್ಕರಿನ ಸೀಟಿಗೆ ಬೊಗಳುವ ಅದರ ಉತ್ಸಾಹವನ್ನು ಪರೀಕ್ಷೆಗೆ ಓದುವ ಮಕ್ಕಳಿರುವ ಮನೆಯವರು ಗಮನದಲ್ಲಿಟ್ಟುಕೊಳ್ಳಬೇಕು. ಆದರೆ ಎಪ್ಪತ್ತು ದಾಟಿ ಒಂಟಿಯಾಗಿರುವ ಹಿರಿಯರಿಗೆ, ಯಾರು ಬಂದರೆಂದು ಮೊದಲೇ ತಿಳಿಸುವ ಈ ನಾಯಿಯಂತಹ ಜೊತೆ ಇನ್ನೊಂದಿಲ್ಲವೆಂದು ನನ್ನ ಅನುಭವ.

ಉದ್ದ ಮೈ, ಗಿಡ್ಡ ಕಾಲಿನ 'ಡ್ಯಾಶ್‌ಹೌಂಡ್' ಅನ್ನು ಡ್ಯಾಶ್ ಮಾಡಿ ಓಡುವ ನಾಯಿಯೆಂದು ನಮ್ಮವರು ಅರ್ಥಮಾಡಿಕೊಂಡಿದ್ದಾರೆ. ಜರ್ಮನ್ ಭಾಷೆಯಲ್ಲಿ 'ಡಾಕ್ಸ್' ಎಂದರೆ ಬಿಲದಲ್ಲಿ ವಾಸಿಸುವ ಬ್ಯಾಡ್ಜರ್ ಪ್ರಾಣಿ. ಅದರ ಬಿಲಕ್ಕೆ ನುಗ್ಗಿ ಕತ್ತಲಲ್ಲಿ ಒಂಟಿಯಾಗಿ ಕಾದಾಡುವುದು ಈ ಗಿಡ್ಡನ ಕೆಲಸವಾಗಿತ್ತು. ಹಿತ್ತಲಿನ ಗುಲಾಬಿ ಪಾತಿಯನ್ನೆಲ್ಲ ಅಗೆದುಹಾಕಿತೆಂದು ಗೋಳಾಡುವವರು ಇದನ್ನು ಅರಿತರೆ ಸಾಕು. ಧೈರ್ಯವಂತ, ಹಟಮಾರಿ, ಕರೆದರೆ ಬರುವುದು ಅದಕ್ಕೆ ಮನಸ್ಸಾದರೆ ಮಾತ್ರ.

ಈಗ ಎಲ್ಲರ ಬಾಯಲ್ಲೂ ಇರುವ ಲ್ಯಾಬ್ರಡಾರಿನ ವಿಷಯಕ್ಕೆ ಬರೋಣ. ಹೆಸರು ಲ್ಯಾಬ್ರಡಾರ್ ಆದರೂ ಮೂಲ ಅದರ ಪಕ್ಕದ ನ್ಯೂಫೌಂಡ್‌ಲ್ಯಾಂಡ್ ದ್ವೀಪ. ಅಲ್ಲಿನ ಸೇಂಟ್ ಜಾನ್ಸ್ ಬಂದರಿನ ಬೆಸ್ತರು ಕಪ್ಪು ಬಣ್ಣದ ನೀರುನಾಯಿಗಳನ್ನು ದೋಣಿಯಲ್ಲಿ ಕರೆದೊಯ್ಯುತ್ತಿದ್ದರು. ಗಾಳದಿಂದ ಕಳಚಿಕೊಂಡ ಮೀನನ್ನೂ, ಅಲೆಗೆ ಸಿಕ್ಕಿದ ಬಲೆಯ ಹಗ್ಗವನ್ನೂ ಕೊರೆಯುವ ನೀರಿಗೆ ಧುಮುಕಿ ಬಾಯಲ್ಲಿ ಕಚ್ಚಿ ತರುವುದು ಅವುಗಳ ಕೆಲಸ. ಮೀನಿನ ಹಡಗುಗಳ ಜೊತೆ ಇಂಗ್ಲೆಂಡ್, ಸ್ಕಾಟ್ಲೆಂಡುಗಳಿಗೆ ಬಂದ ಈ ನಾಯಿಗಳನ್ನು ಮಾಮ್ಸ್‌ಬರಿ ಮತ್ತು ಬಕ್ಲೂ ಮನೆತನಗಳ ಶ್ರೀಮಂತರು ಬೆಳೆಸಿ, ಗುಂಡೇಟಿಗೆ ಬಿದ್ದ ಹಕ್ಕಿಯನ್ನು ಹಲ್ಲು ನಾಟದಂತೆ ತಂದೊಪ್ಪಿಸುವ ಬೇಟೆನಾಯಿಯಾಗಿಸಿದರು. 1903ರಲ್ಲಿ ಕೆನಲ್ ಕ್ಲಬ್ ಇದನ್ನು ತಳಿಯೆಂದು ಒಪ್ಪಿತು. ತವರಿನಲ್ಲಿ ಆ ಮೂಲ ನೀರುನಾಯಿ 20ನೆಯ ಶತಮಾನ ಮುಗಿಯುವುದರೊಳಗೆ ಅಳಿದೇಹೋಯಿತು.

ಈ ಎರಡು ವೃತ್ತಿಗಳನ್ನು ನೆನಪಿಟ್ಟರೆ ನಿಮ್ಮ ಮನೆಯ ಲ್ಯಾಬ್ರಡಾರ್ ಅರ್ಥವಾಗುತ್ತದೆ. ಚಪ್ಪಲಿ, ಪತ್ರಿಕೆ, ಒಣಗಹಾಕಿದ ಬಟ್ಟೆ ಎಲ್ಲವನ್ನೂ ಬಾಯಲ್ಲಿ ಹೊತ್ತು ತಂದು ಎದುರಿಗಿಡುವುದು ತುಂಟತನವಲ್ಲ, ಕರ್ತವ್ಯ. ಮೃದುವಾದ ಬಾಯಿ, ಅಪರಿಚಿತ ಬೇಟೆಗಾರರ ಗುಂಪಿನಲ್ಲೂ ಜಗಳವಾಡದ ಗುಣ, ಮನುಷ್ಯ ಕೈ ತೋರಿಸಿದತ್ತ ನೋಡುವ ವಿಧೇಯತೆ ಇವೆಲ್ಲ ಮಕ್ಕಳಿರುವ ಮನೆಗೆ ಒಪ್ಪುವಂಥವು. ಕಣ್ಣಿಲ್ಲದವರಿಗೆ ದಾರಿ ತೋರುವ ಕೆಲಸದಲ್ಲಿ ಇದು ಜರ್ಮನ್ ಷೆಫರ್ಡನ್ನು ಹಿಂದೆ ಹಾಕಿದ್ದೂ ಇದರಿಂದಲೇ. ತಿನ್ನುವ ಆಸೆ ಮಾತ್ರ ಅಪರಿಮಿತ. ಅದಕ್ಕೂ ಕಾರಣ ಸಿಕ್ಕಿದೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ, ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್ರಡಾರಿನಲ್ಲಿ ಹಸಿವೆಯನ್ನು ಹತೋಟಿಯಲ್ಲಿಡುವ ವಂಶವಾಹಿಯೊಂದರ ತುಣುಕು ಇಲ್ಲವೆಂದು ತೋರಿಸಿದರು. ಹೊಟ್ಟೆ ತುಂಬಿತೆಂಬ ಸುದ್ದಿ ಅದರ ತಲೆಗೆ ಸರಿಯಾಗಿ ತಲುಪುವುದೇ ಇಲ್ಲ. 'ಪಾಪ, ಹಸಿದಿದೆ' ಎಂದು ದೋಸೆಯ ಮೇಲೆ ದೋಸೆ ಹಾಕುವ ಅಜ್ಜಿಯರಿಗೆ ಇದನ್ನು ಓದಿ ಹೇಳಿರಿ. 2022ರಲ್ಲಿ '777 ಚಾರ್ಲಿ' ಚಿತ್ರವನ್ನು ನೋಡಿ ಕಣ್ಣೀರಿಟ್ಟು, ಮರುವಾರವೇ ಮರಿ ಕೊಳ್ಳಲು ಹೊರಟವರನ್ನು ನಾನು ಬಲ್ಲೆ. ಆ ಚಾರ್ಲಿ ತಪ್ಪಿಸಿಕೊಂಡು ಓಡಿಬಂದದ್ದು ಮರಿ ಮಾರಾಟದವನ ಪಂಜರದಿಂದ ಎಂಬ ಭಾಗವನ್ನು ಅವರು ಅಷ್ಟು ಬೇಗ ಮರೆತದ್ದೇ ನನಗೆ ಸೋಜಿಗ.

ಇದಕ್ಕೂ ಹಿಂದೆ ಹೀಗೆಯೇ ಆಗಿತ್ತು. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನೊಬ್ಬನ ಹಿಂದೆ ಹೋದಲ್ಲೆಲ್ಲ ಹೋಗುವ ಪುಟ್ಟ ಪಗ್ ನಾಯಿ ಬಂತು. ದೇಶಕ್ಕೆ ದೇಶವೇ ಪಗ್ ಬೇಕೆಂದಿತು. ಚೀನದ ಅರಮನೆಗಳಲ್ಲಿ ಮಡಿಲಿನ ಜೊತೆಗಾಗಿಯೇ ಬೆಳೆಸಿದ, ಅಲ್ಲಿಂದ ಹಾಲೆಂಡಿಗೆ ಹೋದ ನಾಯಿ ಅದು. ಹಿಂಬಾಲಿಸುವುದೇ ಅದರ ವೃತ್ತಿ. ಜಾಹೀರಾತು ಸುಳ್ಳು ಹೇಳಿರಲಿಲ್ಲ. ಆದರೆ ಹಳೆಯ ಚಿತ್ರಗಳಲ್ಲಿನ ಪಗ್‌ಗಳಿಗೆ ಮೂಗಿದೆ. ಪ್ರದರ್ಶನಗಳ ಕಾಲದಲ್ಲಿ ಮುಖ ಚಪ್ಪಟೆಯಾದಷ್ಟೂ ಮುದ್ದೆನಿಸಿ, ಉಸಿರಿನ ದಾರಿಯೇ ಇಕ್ಕಟ್ಟಾಯಿತು. ಗೊರಕೆಯೆಂದು ಮನೆಮಂದಿ ನಗುವುದು ಅದರ ಏದುಸಿರಿಗೆ. ಲಂಡನ್ನಿನ ರಾಯಲ್ ಪಶುವೈದ್ಯ ಕಾಲೇಜಿನವರು 2022ರಲ್ಲಿ, ಆರೋಗ್ಯದ ದೃಷ್ಟಿಯಿಂದ ಪಗ್ ಅನ್ನು ಇನ್ನು ಸಾಮಾನ್ಯ ನಾಯಿಯೆಂದು ಪರಿಗಣಿಸುವಂತೆಯೇ ಇಲ್ಲ ಎಂದರು. ನೆದರ್ಲೆಂಡ್ಸ್ ದೇಶ ಅತಿಯಾಗಿ ಮೂಗು ಮೊಟಕಾದ ನಾಯಿಗಳ ಸಂತಾನೋತ್ಪತ್ತಿಗೆ ಕಡಿವಾಣ ಹಾಕಿದೆ. ಕಲಬುರಗಿ, ರಾಯಚೂರಿನ ಬೇಸಗೆಯಲ್ಲಿ ಈ ನಾಯಿ ಸಾಕುವವರಿಗೆ ನಾನು ಹೆಚ್ಚೇನೂ ಹೇಳಲಾರೆ. ಹಸ್ಕಿಯ ಪಾಡೂ ಅದೇ. ಸೈಬೀರಿಯಾದ ಚುಕ್ಚಿ ಜನರ ಹಿಮಬಂಡಿ ಎಳೆಯುತ್ತಿದ್ದ ನಾಯಿಗಳು ಅವು. 1925ರ ಚಳಿಗಾಲದಲ್ಲಿ ಅಲಾಸ್ಕದ ನೋಮ್ ಪಟ್ಟಣದ ಮಕ್ಕಳು ಗಂಟಲಮಾರಿಯಿಂದ ಸಾಯುತ್ತಿದ್ದಾಗ ಇಂತಹ ಬಂಡಿನಾಯಿಗಳ ತಂಡಗಳು ಸುಮಾರು 1,085 ಕಿಲೋಮೀಟರ್ ದೂರವನ್ನು ಆರು ದಿನಗಳೊಳಗೆ ಕ್ರಮಿಸಿ ಮದ್ದನ್ನು ಮುಟ್ಟಿಸಿದವು. ಅಂತಹ ಪ್ರಾಣಿಯನ್ನು ಬೆಂಗಳೂರಿನ ಒಂಬತ್ತನೆಯ ಅಂತಸ್ತಿನ ಬಾಲ್ಕನಿಯಲ್ಲಿ ಕಟ್ಟಿಹಾಕಿ, ರಾತ್ರಿ ಊಳಿಡುತ್ತದೆಂದು ದೂರುವುದು ನನಗೆ ಸರಿಕಾಣದು.

ಇಷ್ಟು ಪರದೇಶ ಸುತ್ತಿದ ಮೇಲೆ ನಮ್ಮ ಮುಧೋಳಕ್ಕೆ ಬರಬೇಕು. ನಾನು ಸೇವೆಯ ಮೊದಲ ಕೆಲವು ವರ್ಷಗಳನ್ನು ಆಗಿನ ವಿಜಾಪುರ ಜಿಲ್ಲೆಯಲ್ಲಿ ಕಳೆದವನು. ಮಂಡ್ಯದ ಕಡೆಯ ನನಗೆ ಅಲ್ಲಿನ ನಾಯಿ ನೋಡಿ ಮೊದಲು ಮರುಕವೇ ಆಯಿತು. ಉದ್ದ ಮೂತಿ, ಬೆನ್ನಿಗಂಟಿದ ಹೊಟ್ಟೆ, ಎಣಿಸಬಹುದಾದ ಪಕ್ಕೆಲುಬು, ಬೆತ್ತದಂತಹ ಕಾಲು. ಊಟ ಹಾಕುವುದಿಲ್ಲವೇ ಎಂದು ಕೇಳಿದೆ. ಯಜಮಾನರು ನಕ್ಕು, "ಸರ್ರ, ಉಂಡರೂ ಇದು ಹಿಂಗ ಇರತೈತ್ರಿ. ಇದು ಬೊಗಳೂ ನಾಯಿ ಅಲ್ರಿ, ಓಡೂ ನಾಯಿ" ಎಂದರು. ಜೋಳ ಕೊಯ್ದ ಎರೆಹೊಲದಲ್ಲಿ ಆ ನಾಯಿ ಓಡಿದ್ದನ್ನು ಒಮ್ಮೆ ಕಂಡೆ. ನಾಲ್ಕೂ ಕಾಲು ನೆಲ ಬಿಟ್ಟ ಕ್ಷಣವೇ ಹೆಚ್ಚು. ನೆಲ ಮುಟ್ಟಿದ್ದು ಕಾಣಲೇ ಇಲ್ಲ.

ಮೂಸಿ ಹುಡುಕುವ ನಾಯಿಗಳಂತಲ್ಲದೆ, ಬಯಲಿನಲ್ಲಿ ಬೇಟೆಯನ್ನು ಕಣ್ಣಿನಿಂದ ಕಂಡು ಅಟ್ಟಿಸಿಕೊಂಡು ಹೋಗುವ ವರ್ಗ ಇದು. ಪಶ್ಚಿಮ ಏಷ್ಯದ ಸಲೂಕಿ ಮೊದಲಾದ ನಾಯಿಗಳೊಡನೆ ಇದರ ನಂಟನ್ನು ಗುರುತಿಸುತ್ತಾರೆ. ಮಹಾರಾಷ್ಟ್ರದಲ್ಲಿ ಇದಕ್ಕೆ ಕಾರವಾನ್ ಎಂದು ಹೆಸರು. ಮುಧೋಳ ಸಂಸ್ಥಾನದ ರಾಜರಾಗಿದ್ದ ಮಾಲೋಜಿರಾವ್ ಘೋರ್ಪಡೆಯವರು ತಮ್ಮ ಸೀಮೆಯ ಬೇಡರು ಈ ನಾಯಿಗಳನ್ನು ಬೇಟೆಗೆ ಬಳಸುತ್ತಿದ್ದುದನ್ನು ಕಂಡು, ಒಳ್ಳೆಯ ನಾಯಿಗಳನ್ನು ಆರಿಸಿ ಬೆಳೆಸಿದರು. ಅವರು ಇಂಗ್ಲೆಂಡಿನಲ್ಲಿ ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಕಾಣಿಕೆ ಕೊಟ್ಟ ಮೇಲೆ ಊರಿನ ಹೆಸರೇ ತಳಿಯ ಹೆಸರಾಯಿತು. ಬೆಳೆಸಿದ ಕೀರ್ತಿ ಅರಮನೆಗೆ ಸಂದಿದೆ. ಅದಕ್ಕೂ ಮೊದಲು ತಲೆಮಾರುಗಳ ಕಾಲ ಉಳಿಸಿಕೊಂಡು ಬಂದ ಬೇಡರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ.

1948ರಲ್ಲಿ ಸಂಸ್ಥಾನ ವಿಲೀನವಾಗಿ ಅರಮನೆಯ ಆಶ್ರಯ ತಪ್ಪಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರ ಮುಂದಿನ ತಿದ್ದುಪಡಿಗಳು ಬೇಟೆಗೇ ತೆರೆ ಎಳೆದವು. ಕಾಯ್ದೆ ಬೇಕಾದದ್ದೇ, ಆದರೆ ಅಂದಿನಿಂದ ಈ ನಾಯಿ ಕೆಲಸವಿಲ್ಲದ ಕಸುಬುದಾರ. ಅದನ್ನು ಉಳಿಸಿದವರು ಮರಿ ಮಾರಿ ನಾಲ್ಕು ಕಾಸು ಕಾಣುವ ಸುತ್ತಲ ಹಳ್ಳಿಗಳ ಸಣ್ಣ ರೈತರು, ಕೂಲಿಯವರು. 2005ರ ಜನವರಿಯಲ್ಲಿ ಅಂಚೆ ಇಲಾಖೆ ಭಾರತೀಯ ನಾಯಿಗಳ ನಾಲ್ಕು ಅಂಚೆಚೀಟಿ ತಂದಾಗ ಅದರಲ್ಲೊಂದು ಮುಧೋಳದ್ದು, ನನ್ನ ಸಂಗ್ರಹದಲ್ಲಿದೆ. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಆರಂಭವಾಯಿತು. 2016ರಲ್ಲಿ ಮರಿಗಳು ಮೀರತ್ತಿನ ಸೇನಾ ಕೇಂದ್ರಕ್ಕೆ ತರಬೇತಿಗೆ ಹೋದವು. 2020ರ ಆಗಸ್ಟಿನಲ್ಲಿ ಪ್ರಧಾನಿಯವರು ತಮ್ಮ ಆಕಾಶವಾಣಿ ಭಾಷಣದಲ್ಲಿ ಮುಧೋಳ ನಾಯಿಯನ್ನು ಹೆಸರಿಸಿ, ದೇಶದ ತಳಿಗಳನ್ನೇ ಸಾಕಿರೆಂದರು.

ಆ ಭಾಷಣ ಕೇಳಿ ನಮ್ಮ ಬಂಧುಗಳೊಬ್ಬರ ಮನೆಗೂ ಒಂದು ಮುಧೋಳ ಮರಿ ಬಂತು. ದೇಶಾಭಿಮಾನ ದೊಡ್ಡದು, ಸೈಟು ಮೂವತ್ತು-ನಲವತ್ತರದು. ಒಂದು ವರ್ಷದಲ್ಲಿ ಆ ನಾಯಿ ಕಟ್ಟಿದ ಸರಪಳಿ ಸುತ್ತಿ ಸುತ್ತಿ ನೆಲದಲ್ಲಿ ವೃತ್ತ ಕೊರೆದಿತ್ತು. ಬಂದವರು ಮುಟ್ಟಲು ಹೋದರೆ ಹಿಂದೆ ಸರಿಯುತ್ತಿತ್ತು, ಮುದ್ದಿಸಿದರೆ ಮುಖ ತಿರುಗಿಸುತ್ತಿತ್ತು. ಎದುರುಮನೆಯ ಬೆಕ್ಕು ಕಂಡರೆ ಮಾತ್ರ ಬಾಣದಂತಾಗುತ್ತಿತ್ತು. 'ಪ್ರೀತಿಯೇ ಇಲ್ಲದ ನಾಯಿ' ಎಂದು ಬೇಸತ್ತು ತೋಟದ ಪರಿಚಯದವರಿಗೆ ಕೊಟ್ಟರು. ಅಲ್ಲಿ ಎರಡು ಎಕರೆ ಬೇಲಿಯೊಳಗೆ ದಿನಕ್ಕೆರಡು ಬಾರಿ ಓಡಿ, ಮಿಕ್ಕ ಹೊತ್ತು ನೆರಳಲ್ಲಿ ಸದ್ದಿಲ್ಲದೆ ಮಲಗುತ್ತದೆಯಂತೆ. ಮನೆಯ ನಾಲ್ಕು ಜನರನ್ನು ಬಿಟ್ಟರೆ ಇನ್ನಾರ ಕೈಗೂ ಸಿಗದು. ಆ ನಾಲ್ವರನ್ನು ಬಿಟ್ಟಿರಲಾರದು. ಓಡಲು ಜಾಗ, ಎತ್ತರದ ಬೇಲಿ ಇದ್ದವರಿಗೆ ಇದಕ್ಕಿಂತ ಸಭ್ಯ ನಾಯಿ ಸಿಗುವುದು ಕಷ್ಟ. ಇಲ್ಲದವರು ಅಭಿಮಾನಕ್ಕೆ ಅಂಚೆಚೀಟಿ ಇಟ್ಟುಕೊಂಡರೆ ಸಾಕು.

ಹಾಗಾದರೆ ತಳಿ ತಿಳಿದರೆ ನಾಯಿ ತಿಳಿದಂತೆಯೇ? ಇಲ್ಲ. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ, 18,000ಕ್ಕೂ ಹೆಚ್ಚು ನಾಯಿಗಳನ್ನು ಕುರಿತ ಅಮೆರಿಕದ ಅಧ್ಯಯನವೊಂದರ ಪ್ರಕಾರ, ನಾಯಿ ನಾಯಿಗಳ ನಡುವಿನ ಸ್ವಭಾವವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಸುಮಾರು ಶೇ. 9 ಮಾತ್ರ. ತಂದುಕೊಡುವುದು, ಮಂದೆ ಕಾಯುವುದು, ಹೇಳಿದ ಮಾತು ಕೇಳುವುದು ಇಂತಹ ಕಸುಬಿನ ಚಾಳಿಗಳಲ್ಲಿ ತಳಿಯ ಗುರುತು ಸ್ವಲ್ಪ ಹೆಚ್ಚು ಕಾಣುತ್ತದೆ. ಕೋಪ, ತಾಳ್ಮೆ, ಅಪರಿಚಿತರ ಮೇಲಿನ ನಂಬಿಕೆ ಇವುಗಳಲ್ಲಿ ಬಹಳ ಕಡಿಮೆ. ಅವು ಆಯಾ ನಾಯಿಯವು, ಬೆಳೆದ ಮನೆಯವು. ಆದ್ದರಿಂದಲೇ, 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ಉಗ್ರವೆಂದು ಪಟ್ಟಿ ಮಾಡಿ ಅವುಗಳ ಮಾರಾಟ, ಸಾಕಣೆಗಳನ್ನು ತಡೆಯಬೇಕೆಂದು ರಾಜ್ಯಗಳಿಗೆ ಸುತ್ತೋಲೆ ಕಳಿಸಿದಾಗ ನನಗೆ ಸಮಾಧಾನವಾಗಲಿಲ್ಲ. ಕಚ್ಚಿಸಿಕೊಂಡವರ ನೋವು ಸುಳ್ಳಲ್ಲ; ಆದರೆ ಜಾತಿ ನೋಡಿ ಅಪರಾಧಿಯೆಂದು ಬರೆದಿಡುವ ಕ್ರಮ ನಮಗೆ ಹೊಸದೂ ಅಲ್ಲ. ನಮ್ಮ ರಾಜ್ಯದ ಉಚ್ಚ ನ್ಯಾಯಾಲಯ ಏಪ್ರಿಲಿನಲ್ಲಿ ಆ ಸುತ್ತೋಲೆಯನ್ನು ರದ್ದುಪಡಿಸಿತು.

ಮರಿ ತರಲೇಬೇಕೆಂದಿರುವವರಿಗೆ ನನ್ನ ಸಲಹೆ ಇಷ್ಟು. ಕಾಗದಪತ್ರಕ್ಕಿಂತ ಮೊದಲು ಮರಿಯ ತಾಯಿಯನ್ನು ನೋಡಬೇಕೆಂದು ಕೇಳಿರಿ. ತೋರಿಸಲು ಒಪ್ಪದ ಕಡೆಯಿಂದ ತರಬೇಡಿರಿ. ತಾಯಿ ಎಲ್ಲಿ ಮಲಗುತ್ತದೆ, ಯಾರನ್ನು ಕಂಡರೆ ಹೇಗೆ ನಡೆದುಕೊಳ್ಳುತ್ತದೆ, ಇದು ಅದರ ಎಷ್ಟನೆಯ ಹೆರಿಗೆ ಎಂದು ವಿಚಾರಿಸಿರಿ. ಎಂಟು ವಾರ ತುಂಬುವ ಮುನ್ನ ಮರಿಯನ್ನು ತಾಯಿಯಿಂದ ಅಗಲಿಸಬಾರದು. ನಿಮ್ಮ ಮನೆಯಲ್ಲಿ ದಿನವಿಡೀ ಯಾರೂ ಇರುವುದಿಲ್ಲವಾದರೆ ಯಾವ ತಳಿಯೂ ಒಳ್ಳೆಯದಲ್ಲ.

ನಮ್ಮ ಮನೆಯಲ್ಲಿ ಈಗಿರುವುದು ಕಂತ್ರಿ. 2017ರ ಮಳೆಗಾಲದಲ್ಲಿ ಮೋರಿಯ ಕೆಳಗೆ ಸಿಕ್ಕಿದ ಮೂರು ಮರಿಗಳಲ್ಲಿ ಒಂದು. ಕಂದು ಬಣ್ಣ, ಒಂದು ಕಿವಿ ನಿಂತಿದೆ, ಇನ್ನೊಂದು ಮಡಚಿದೆ. ಚೆಂಡು ಎಸೆದರೆ ನನ್ನ ಮುಖವನ್ನೂ ಚೆಂಡನ್ನೂ ಒಮ್ಮೊಮ್ಮೆ ನೋಡಿ ಸುಮ್ಮನಾಗುತ್ತದೆ. ತಂದುಕೊಡುವುದು ಅದರ ಮನೆತನದ ಕಸುಬಲ್ಲ. ಮೊಮ್ಮಕ್ಕಳು ಬಂದಾಗ ಸಹಿಸಿಕೊಳ್ಳುತ್ತದೆ, ಹೆಚ್ಚಾದರೆ ಎದ್ದು ಮಂಚದ ಕೆಳಗೆ ಸೇರುತ್ತದೆ. ಒಂಬತ್ತು ವರ್ಷಗಳಲ್ಲಿ ಲಸಿಕೆಗಲ್ಲದೆ ವೈದ್ಯರ ಬಳಿಗೆ ಹೋದದ್ದು ಎರಡೇ ಬಾರಿ. ದಿನವೂ ರಾತ್ರಿ ಒಂಬತ್ತೂವರೆಯ ಹೊತ್ತಿಗೆ, ನಾವು ಬಾಗಿಲು ಹಾಕುವ ಮುನ್ನ, ತಾನೇ ಎದ್ದು ಹೋಗಿ ಮನೆಯ ಸುತ್ತ ಒಂದು ಸುತ್ತು ಹಾಕಿ, ಗೇಟಿನ ಬಳಿ ನಿಂತು ಗಾಳಿ ಮೂಸಿ, ಒಳಗೆ ಬಂದು ಹೊಸ್ತಿಲಿಗೆ ಅಡ್ಡವಾಗಿ ಮಲಗುತ್ತದೆ. ಇದನ್ನು ನಾವಾರೂ ಅದಕ್ಕೆ ಕಲಿಸಿದ್ದಲ್ಲ.